ಏಮಾವತಿ ನೀರು

ಹೋದ ಮುಂಗಾರಿನ ಒಂದು ಬೆಳಗ್ಗೆ ನಮ್ಮ ನೆಂಟರಿಷ್ಟರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೊಡ್ಡಪ್ಪನ ಮಗ ಹೀಗೆ ಬರೆದ: ‘ಏಮಾವತಿ ನೀರ್ ಬುಟ್ಟವ್ರಂತೆ. ನಮ್ ತೂಬ್ಗೆ ಒಂದ್ ತೊಟ್ಟೂ ಬಂದಿಲ್ಲ. ಒಟ್ಲು ಒಣಗ್ತಾ ಅದೆ. ನಿಮ್ ಕಡೆ ಎಂಗದೆ?’ ಅವನದು ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿ, ಕಾಲುವೆಯ ಕೊನೆಯಂಚಿನ ಜಮೀನು. ಮೇಲಿನವರೆಲ್ಲ ಕುಡಿದು ಮಿಕ್ಕಿದ್ದು ಇವನಿಗೆ. ಒಟ್ಲು ಎಂದರೆ ಸಸಿಮಡಿ.

ಮೊದಲ ಉತ್ತರ ಬೆಂಗಳೂರಿನಿಂದ ಬಂತು, ಚಿಕ್ಕಪ್ಪನ ಮಗನದು: ‘ಅಣ್ಣ, ಮೊದಲು ಹೇಮಾವತಿ ಅಂತ ಬರೆಯೋದು ಕಲಿ.’ ಪಕ್ಕದಲ್ಲಿ ನಗುವ ಮುಖಗಳು ಮೂರು. ಆಮೇಲೆ ಸಾಲುಗಟ್ಟಿತು ನೋಡಿ. ಒಬ್ಬರು ‘ಆಸನ ಜಿಲ್ಲೆಯಿಂದ ಆದು ಬರುವ ಏಮಾವತಿ’ ಎಂದರು. ಇನ್ನೊಬ್ಬರು ಕನ್ನಡ ಮೇಷ್ಟ್ರುಗಳೇ ಸರಿಯಿಲ್ಲ ಎಂದರು. ಮತ್ತೊಬ್ಬರಿಗೆ ಸರ್ಕಾರವೇ ಸರಿಯಿಲ್ಲ. ಯಾವ ಸರ್ಕಾರ ಎಂಬಲ್ಲಿಂದ ರಾಜಕೀಯ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಸಂದೇಶಗಳಾದವು. ನೀರಿನ ಬಗ್ಗೆ ಇದ್ದದ್ದು ಒಂದೇ, ಅವನೇ ಹಾಕಿದ್ದ ಮೊದಲನೆಯದು. ನಾನೂ ಒಂದು ಹಾಕಿದ್ದೆ, ‘ಎಂಗದೆ ಅಲ್ಲ, ಹೆಂಗದೆ’ ಎಂದು. ತಮಾಷೆಗೆ. ಎಷ್ಟೋ ವರ್ಷ ಕರಡು ತಿದ್ದಿ ಸಂಬಳ ಎಣಿಸಿದ ಕೈ, ಸುಮ್ಮನಿರಲಿಲ್ಲ.

ಫೋನಿನಲ್ಲಿ ನಡೆಯುವ ನಮ್ಮ ಜಗಳಗಳಲ್ಲಿ ಈ ‘ಮೊದಲು ಕನ್ನಡ ಕಲಿ’ ಎಂಬುದು ಬ್ರಹ್ಮಾಸ್ತ್ರ. ಎದುರಾಳಿಯ ಮಾತಿಗೆ ಉತ್ತರ ಇಲ್ಲದಾಗ ಅವನ ಕಾಗುಣಿತಕ್ಕೆ ಉತ್ತರ ಕೊಟ್ಟರಾಯಿತು. 2025ರ ಆಗಸ್ಟ್‌ನಲ್ಲಿ ಸಚಿವ ಎಚ್.ಸಿ. ಮಹದೇವಪ್ಪ ಅವರು ಶ್ರೀರಂಗಪಟ್ಟಣದಲ್ಲಿ, ಕನ್ನಂಬಾಡಿ ಕಟ್ಟೆಗೆ ಮೊದಲು ಅಡಿಗಲ್ಲು ಹಾಕಿದವನು ಟಿಪ್ಪು ಎಂದರು. ಫೋನುಗಳು ವಾರಗಟ್ಟಲೆ ಉರಿದವು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಮೇಲ್ವಿಚಾರಣೆಯಲ್ಲಿ. ಅಲ್ಲಿ ಕೆಲಸ ನಡೆಯುವಾಗ ಸಿಕ್ಕ, ಟಿಪ್ಪು ಕಾಲದ ಪರ್ಷಿಯನ್ ಶಾಸನವೂ ಕಟ್ಟೆಯ ಬಾಗಿಲ ಬಳಿ ಇದೆ, ಅನುವಾದದ ಸಮೇತ. ಕಟ್ಟಬೇಕೆಂದು ಒಬ್ಬ ಬಯಸಿದ್ದ, ಇನ್ನೊಬ್ಬರು ಕಟ್ಟಿದರು. ಎರಡನ್ನೂ ಹೇಳುವುದಕ್ಕೆ ಎರಡು ವಾಕ್ಯ ಸಾಕು. ಆದರೆ ನಾನು ಓದಿದ ಒಂದು ಉದ್ದನೆಯ ವಾದಸರಣಿ ಮುಗಿದದ್ದು ಹೇಗೆ ಗೊತ್ತೆ? ಒಬ್ಬ ‘ಶಂಕುಸ್ಥಾಪನೆ’ಯನ್ನು ‘ಸಂಕುಸ್ತಾಪನೆ’ ಎಂದು ಬರೆದ. ಮುಗಿಯಿತು. ಅಲ್ಲಿಂದಾಚೆಗೆ ಟಿಪ್ಪುವೂ ಇಲ್ಲ, ನಾಲ್ವಡಿಯವರೂ ಇಲ್ಲ, ಬರೀ ‘ಶಂ’ ಮತ್ತು ‘ಸ್ಥಾ’. ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಹೋಗಿ ಆ ಕಲ್ಲನ್ನು ನೋಡಿ ಬಂದೆ ಎಂದವರು ಆ ಸರಣಿಯಲ್ಲಿ ಒಬ್ಬರೂ ಇರಲಿಲ್ಲ.

ಈ ಅಸ್ತ್ರ ಎಲ್ಲ ಜಿಲ್ಲೆಯವರ ಮೇಲೂ ಬೀಳುತ್ತದೆ, ನಮ್ಮ ಮಂಡ್ಯದ ಕಡೆಯವರ ಮೇಲೆ ಸ್ವಲ್ಪ ಜಾಸ್ತಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಹೋದರೂ ನಾಲಿಗೆಗೆ ಹಕಾರದ ಹಂಗಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ. ಇದನ್ನು ಕೇಳಿ ನಗುವವರಿಗೆ ಒಂದು ವಿಷಯ ಗೊತ್ತಿಲ್ಲವೋ, ಗೊತ್ತಿದ್ದೂ ಮರೆತಿದ್ದಾರೋ. ಪಂಪ 941ರಲ್ಲಿ ಕಾವ್ಯ ಬರೆದಾಗ ಅವನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ಆ ಪಕಾರ ಮೆಲ್ಲಗೆ ಸವೆದು ಹಕಾರವಾಯಿತು. 13ನೇ ಶತಮಾನದ ಕೇಶಿರಾಜ ಅದನ್ನು ತನ್ನ ವ್ಯಾಕರಣಕ್ಕೂ ಸೇರಿಸಿಕೊಂಡ. ಮೊದಮೊದಲು ‘ಹಾಲು’ ಎಂದವನನ್ನು ಪಕ್ಕದವನು ಎಷ್ಟು ಆಡಿಕೊಂಡಿದ್ದನೋ! ಅಂದರೆ ಇಂದು ನಾವು ಶುದ್ಧ ಎಂದು ಎದೆಗವಚಿಕೊಂಡಿರುವ ಹಕಾರ ಒಂದಾನೊಂದು ಕಾಲದ ‘ತಪ್ಪು’. ಪಾಲು ಹಾಲಾಯಿತು, ಹಾಲು ಆಲಾಯಿತು. ನಮ್ಮಣ್ಣ ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ನಿಂತಿದ್ದಾನೆ, ಅಷ್ಟೆ.

ಈ ತಾಲ್ಲೂಕುಗಳ ಶಾಸನಗಳೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯಲ್ಲಿ ಬಂದಿವೆ. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದವು 6ನೇ ಸಂಪುಟದಲ್ಲಿ, ನಾಗಮಂಗಲದವು 7ರಲ್ಲಿ. ಹಳೆಯ ಶಾಸನಗಳನ್ನು ಸುಮ್ಮನೆ ಪುಟ ತಿರುವಿದರೂ ಸಾಕು, ‘ಶಕವರ್ಷ’ ‘ಸಕವರ್ಷ’ವಾಗಿರುವುದು, ‘ಶಾಸನ’ವೇ ‘ಸಾಸನ’ವಾಗಿರುವುದು ಕಣ್ಣಿಗೆ ಬೀಳುತ್ತದೆ. ಕಲ್ಲು ಕಡಿದವನ ಬಾಯಿಗೆ ಹೇಗೆ ಬಂತೋ ಹಾಗೆ ಉಳಿ ಹೋಗಿದೆ. ಕಾಗುಣಿತ ತಪ್ಪಿತೆಂದು ಆ ಕಲ್ಲಿನಲ್ಲಿ ಬರೆದ ದಾನವನ್ನು ಯಾರೂ ರದ್ದು ಮಾಡಲಿಲ್ಲ.

ಹೆಸರುಗಳ ಕಥೆ ಇನ್ನೂ ಮಜಾ. ಹಿರೋಡೆ ಎಂಬ ನಮ್ಮ ಊರಿನ ಹತ್ತಿರ ಹೈದರ್, ಟಿಪ್ಪು ಕಾಲದ ಫ್ರೆಂಚ್ ಪಡೆ ಬೀಡುಬಿಟ್ಟಿತ್ತು ಎಂದು ಇಂಗ್ಲಿಷರು ಊರಿಗೇ ಫ್ರೆಂಚ್ ರಾಕ್ಸ್ ಎಂದು ಹೆಸರಿಟ್ಟರು. ಈಗ ಅದು ಪಾಂಡವಪುರ. ಶ್ರೀರಂಗಪಟ್ಟಣವನ್ನು ‘ಸೆರಿಂಗಪಟಂ’ ಎಂದೇ ಬರೆದರು, ಹಾಗೇ ಜಗತ್ತಿನ ಇತಿಹಾಸದ ಪುಸ್ತಕಗಳಿಗೂ ಸೇರಿಸಿದರು. ‘ಮೊದಲು ಬರೆಯೋದು ಕಲಿ’ ಎಂದು ಅವರಿಗೆ ಹೇಳಿದವರಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನದೇ ಬೂಕನಕೆರೆಯ ಯಡಿಯೂರಪ್ಪನವರು 2007ರಲ್ಲಿ ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬದಲಿಸಿಕೊಂಡರು, 2019ರಲ್ಲಿ ಮತ್ತೆ ಮೊದಲಿನಂತೆ ಮಾಡಿಕೊಂಡರು. ದೊಡ್ಡವರ ಕಾಗುಣಿತ ಬದಲಾದರೆ ಜ್ಯೋತಿಷ್ಯದ ಲೆಕ್ಕ. ರೈತನದು ಬದಲಾದರೆ ಅನಕ್ಷರತೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು. ಮಾಸ್ತಿಯವರದೂ ಅದೇ, ರಾಜರತ್ನಂ ಅವರದೂ ಅದೇ. ಮನೆಯಲ್ಲಿ ತಮಿಳಾಡಿ ಹೊರಗೆ ಕನ್ನಡ ಕಟ್ಟಿದವರು ಇವರು. ಅವರಿಗೆ ನಾವು ‘ಮೊದಲು ಕನ್ನಡ ಕಲಿ’ ಎನ್ನಲಿಲ್ಲ, ಎನ್ನಲೂಬಾರದಿತ್ತು. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಇನ್ನೊಂದು ಭಾಷೆಯ ಅಕ್ಷರ ಅರಿಯದ ನಮ್ಮಣ್ಣನಿಗೆ ಮಾತ್ರ ಅಂದೆವು.

ರಾಜರತ್ನಂ ಹೆಸರು ಬಂದದ್ದರಿಂದ ಹೇಳಿಬಿಡುತ್ತೇನೆ. 1930ರ ದಶಕದ ‘ರತ್ನನ ಪದಗಳು’ ಪುಸ್ತಕದ ನಾಯಕ ‘ಯೆಂಡ್ಕುಡ್ಕ ರತ್ನ’. ಹೆಂಡ ಯೆಂಡವಾಗಿದೆ, ಹಕಾರ ನಾಪತ್ತೆ. ಕನ್ನಡ ಎಂ.ಎ. ಓದಿದ ಮೇಷ್ಟ್ರು ಆ ನಾಲಿಗೆಯಲ್ಲಿ ಬರೆದರೆ ಅದು ಸಾಹಿತ್ಯ. ಎರಡು ತಲೆಮಾರು ಹಾಡಿ ಕುಣಿದೆವು. ಅಸಲಿ ರತ್ನ ಬಂದು ತಾನೇ ಬರೆದಾಗ ‘ಕಾಗುಣಿತ ತಪ್ಪು’. ಹಕಾರ ಬಿಟ್ಟವನನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ಅವನು ಕುಡುಕನಾಗಿರಬೇಕು, ಇಲ್ಲವೇ ಸಿನಿಮಾದಲ್ಲಿ ನಗಿಸುವ ಆಳಾಗಿರಬೇಕು ಎಂಬ ಒಳ ಒಪ್ಪಂದ ನಮ್ಮಲ್ಲಿ ಬಹಳ ದಿನ ಇತ್ತು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ನಟರಲ್ಲದ ಊರಿನವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ತೆಗೆದ ‘ತಿಥಿ’ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದಾಗ ಆ ಒಪ್ಪಂದಕ್ಕೆ ಒಂದು ಏಟು ಬಿತ್ತು. ಅಲ್ಲಿನವರಿಗೆ ಹಕಾರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ!

ಹಾಗೆಂದು ಕಾಗುಣಿತವೇ ಬೇಡ ಎನ್ನುವ ಪೈಕಿ ನಾನಲ್ಲ. ಹೊಟ್ಟೆ ತುಂಬಿದ್ದೇ ಅದರಿಂದ. ಬರಹಕ್ಕೆ ಒಂದು ಕಟ್ಟು ಬೇಕು. ಅಕ್ಕಿ ಯಾವುದು ಹಕ್ಕಿ ಯಾವುದು ಎಂದು ಬೀದರಿನವನಿಗೂ ತಿಳಿಯಬೇಕು. ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಬಿಟ್ಟು ಆಡುವಂತೆ ಬರೆಯೋಣ ಎಂದಾಗ ನನ್ನಂಥ ಕರಡು ತಿದ್ದುವವರಿಗೆ ಎದೆ ಧಸಕ್ಕೆಂದಿತ್ತು. ಅವರ ವಾದ ಓದಿದ ಮೇಲೆ ಪೂರ್ತಿ ಒಪ್ಪದಿದ್ದರೂ ತಳ್ಳಿಹಾಕಲಾಗಲಿಲ್ಲ. ಆದರೆ ಆ ಚರ್ಚೆಗೂ ಫೋನಿನಲ್ಲಿ ಆದ ಗತಿ ನೋಡಿ. ‘ಧ’ ಬಿಟ್ಟವನನ್ನು ಇವರು ಬೈಯುವುದು, ‘ಧ’ ಬರೆದವನನ್ನು ಅವರು ಬೈಯುವುದು. ಎಲ್ಲರ ಕನ್ನಡ ಎಂದು ಹೊರಟದ್ದು ಎರಡು ಪಂಗಡದ ಕನ್ನಡವಾಗಿ ಕೂತಿತು. ಬೈಗುಳ ತಿಂದವನು ಏನು ಮಾಡುತ್ತಾನೆ? ಒಂದೋ ಸುಮ್ಮನಾಗುತ್ತಾನೆ, ಇಲ್ಲವೇ ಭಯಕ್ಕೆ ಇಲ್ಲದ ಕಡೆಯೂ ಹಕಾರ ಹಚ್ಚುತ್ತಾನೆ. ‘ಹಣ್ಣ ಬಂದವ್ನೆ’ ಎಂದು ಅಣ್ಣನನ್ನೇ ಹಣ್ಣು ಮಾಡಿದವರನ್ನು ನಾನು ಕಂಡಿದ್ದೇನೆ. ಅದು ನಾಲಿಗೆಯ ತಪ್ಪಲ್ಲ, ಹೆದರಿಕೆ.

ಈ ಹೆದರಿಕೆ ಹತ್ತಿರ ಸುಳಿಯದ ಒಂದು ಚರ್ಚೆಯನ್ನೂ ನೋಡಿದೆ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದರ ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿದ್ದರು. ಜನ ಎದ್ದುಬಿಟ್ಟರು. ಮನೆಗೊಂದು ಕೋಳಿ ಕೂಡಿಸಿ ಬಾಡೂಟ ಹಾಕಿಸುತ್ತೇವೆ ಎಂದರು. ‘ಬಾಡೇ ನಮ್ಮ ಗಾಡು’ ಎಂಬ ಘೋಷಣೆ ಫೋನಿಂದ ಫೋನಿಗೆ ಹಾರಿತು. ಕನ್ನಡದ ಜಾತ್ರೆಯ ಅತಿ ಜೀವಂತ ಘೋಷಣೆಯಲ್ಲಿ ಕೊನೆಯ ಪದ ಇಂಗ್ಲಿಷು. ಬಾಡಿಗೆ ಗಾಡು ಪ್ರಾಸ, ಮುಗಿಯಿತು. ಅದನ್ನು ತಿದ್ದುವುದಕ್ಕೆ ಯಾವ ನಿಘಂಟನ್ನು ಹಿಡಿದುಕೊಂಡು ಹೋಗುವುದು? ಎದುರು ಪಕ್ಷದವರು ಬೇರೆ ದಾರಿಯಿಲ್ಲದೆ ವಿಷಯವನ್ನೇ ಮಾತಾಡಬೇಕಾಯಿತು. ಅದು ಬಾಯಲ್ಲಿ ಹುಟ್ಟಿದ ಮಾತು, ಕೀಲಿಮಣೆಯಲ್ಲಿ ಹುಟ್ಟಿದ್ದಲ್ಲ.

ಬಾಯಿಂದ ಬಂದದ್ದನ್ನು ಬಾಯಿಂದ ಬಂದಂತೆಯೇ ಹಿಡಿದಿಟ್ಟವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ದೊಡ್ಡ ಅಧಿಕಾರಿಯಾಗಿದ್ದವರು ಟೇಪ್ ರೆಕಾರ್ಡರ್ ಹಿಡಿದು ಹಾಡುವವರ ಮುಂದೆ ಕೂತರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, ಆಮೇಲೆ ರಾಮನಗರದ ಬಳಿ ಜಾನಪದ ಲೋಕ. ರಾಗಿ ಬೀಸುವ ಅಜ್ಜಿ ‘ಅಸ’ ಎಂದರೆ ಟೇಪಿನಲ್ಲಿ ‘ಅಸ’ವೇ ಉಳಿಯಿತು, ‘ಹಸು’ ಆಗಲಿಲ್ಲ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ ಕೂಡಿಹಾಕುತ್ತಿದ್ದಾರೆ, ಯಂತ್ರಕ್ಕೆ ನಮ್ಮ ಮಾತು ಅರ್ಥವಾಗಲಿ ಎಂದು. ಮೊನ್ನೆ ಊರಿಗೆ ಹೋದಾಗ ನನ್ನ ಫೋನಿನ ಹೇಳಿ ಬರೆಸುವ ಗುಂಡಿ ಒತ್ತಿ ಅಣ್ಣನ ಮುಂದೆ ಹಿಡಿದೆ. ‘ಸಂತೆಗೆ ಓಗ್ತೀನಿ’ ಎಂದ. ಫೋನು ‘ಸಂತೆಗೆ ಹೋಗ್ತೀನಿ’ ಎಂದು ಬರೆದುಕೊಂಡಿತು. ನಗಲಿಲ್ಲ, ‘ಮೊದಲು ಕಲಿ’ ಎನ್ನಲಿಲ್ಲ, ತಾನೇ ಒಂದು ಹಕಾರ ಸೇರಿಸಿ ಸುಮ್ಮನಾಯಿತು. ಅಣ್ಣ ಪರದೆ ನೋಡಿ ‘ಇದು ನಿನಗಿಂತ ವಾಸಿ ಕಣೋ’ ಎಂದ. ನಿಜ. ಆದರೆ ಅವನ ‘ಓಗ್ತೀನಿ’ ಎಲ್ಲಿ ಹೋಯಿತು ಎಂದು ನನಗೆ ಒಂದು ಗಳಿಗೆ ಪಿಚ್ಚೆನಿಸಿತು. ಜಗಳವೂ ಬೇಡ ಎಂದು ಒಳಗೊಳಗೇ ತಿದ್ದಿಬಿಡುವುದಿದೆಯಲ್ಲ, ಅದಕ್ಕೆ ಎದುರು ವಾದಿಸುವುದು ಹೇಗೆ?

ನಾಗಮಂಗಲ ತಾಲ್ಲೂಕಿನದೇ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಭಾಷಣದ ಹೆಸರು ‘ಕನ್ನಡ ಮಾತು ತಲೆಯೆತ್ತುವ ಬಗೆ’. ಕನ್ನಂಬಾಡಿಯ ಕೆಲಸ ಶುರುವಾದದ್ದೂ ಅದೇ ವರ್ಷ. ಹೆಸರನ್ನು ಇನ್ನೊಮ್ಮೆ ಓದಿ. ಕನ್ನಡ ಬರಹ ಎನ್ನಲಿಲ್ಲ ಅವರು, ಕನ್ನಡ ಮಾತು ಎಂದರು.

ನಮ್ಮಣ್ಣ ಈಗ ಗ್ರೂಪಿನಲ್ಲಿ ಬರೆಯುವುದನ್ನು ಬಿಟ್ಟಿದ್ದಾನೆ. ಧ್ವನಿ ಕಳಿಸುತ್ತಾನೆ. ಹೋದ ವಾರದ್ದು ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಹಿಂದೆ ಯಾರದೋ ಪಂಪ್‌ಸೆಟ್ಟಿನ ಸದ್ದು, ನಡುವೆ ಒಂದು ನವಿಲು. ‘ಏಮಾವತಿ ನೀರು ನೆನ್ನೆ ರಾತ್ರಿ ಬತ್ತು, ಒತ್ತಾರೆಗೆ ನಿಂತೋಯ್ತು, ಮೇಲ್ಗಡೆ ಯಾರೋ ಕಟ್ಟವ್ರೆ’ ಎಂದು ಶುರುವಾಗಿ ನೀರುಗಂಟಿಯ ಪುರಾಣ, ಒಟ್ಲಿನ ಸ್ಥಿತಿ, ಯಾರದೋ ಮದುವೆಯ ಸುದ್ದಿ ಎಲ್ಲ ಬಂತು. ಗ್ರೂಪು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬೆಂಗಳೂರಿನ ಆ ಚಿಕ್ಕಪ್ಪನ ಮಗನೇ ಕೇಳಿದ: ‘ಯಾವ ತೂಬು ಅಣ್ಣ? ಕೆರೆ ಏರಿ ಹತ್ರದ್ದಾ?’