ಕಳ್ಳನ ಕಣ್ಣೀರು

ಶಿಕ್ಷೆಗೆ ಹೆದರಿ ಅತ್ತವನ ಅಳುವನ್ನು ಪಶ್ಚಾತ್ತಾಪ ಎನ್ನಬಹುದೇ? ಧರ್ಮಶಾಸ್ತ್ರದ ಈ ಹಳೆಯ ಪ್ರಶ್ನೆಯನ್ನು ಅತ್ಯಂತ ಹರಿತವಾಗಿ ಕೇಳಿದ ಪುಸ್ತಕಗಳಲ್ಲಿ ಒಂದು ಜನಪ್ರಿಯ ಪ್ರೇಮಕಾದಂಬರಿಯೂ ಇದೆ. ಮಾರ್ಗರೆಟ್ ಮಿಚೆಲ್ ಬರೆದು 1936ರಲ್ಲಿ ಪ್ರಕಟವಾದ ‘ಗಾನ್ ವಿತ್ ದ ವಿಂಡ್’ ಅಮೆರಿಕದ ಅಂತರ್ಯುದ್ಧ ಮತ್ತು ಅದರ ನಂತರದ ವರ್ಷಗಳ ಜಾರ್ಜಿಯಾದ ಕಥೆ. ಅದರ ನಾಯಕಿ ಸ್ಕಾರ್ಲೆಟ್ ಒಹಾರ ಹಟಮಾರಿ, ಸ್ವಾರ್ಥಿ. ನಾಯಕ ರೆಟ್ ಬಟ್ಲರ್ ಯುದ್ಧಕಾಲದಲ್ಲಿ ಕಡಲ ದಿಗ್ಬಂಧನ ತಪ್ಪಿಸಿ ಸರಕು ಸಾಗಿಸಿ ಹಣ ಗುಡ್ಡೆಹಾಕಿದವನು. ಇಬ್ಬರ ನಾಲಿಗೆಯೂ ಚೂರಿ. ಟಾರಾ ಎಂಬ ತನ್ನ ತೋಟದ ತೆರಿಗೆ ಕಟ್ಟಲು 300 ಡಾಲರ್ ಬೇಕಾದಾಗ ಸ್ಕಾರ್ಲೆಟ್, ತನ್ನ ತಂಗಿ ಸುಎಲೆನ್ ಮದುವೆಯಾಗಬೇಕಿದ್ದ ಫ್ರಾಂಕ್ ಕೆನಡಿಗೆ ಸುಳ್ಳು ಹೇಳಿ ಅವನನ್ನು ತಾನೇ ವರಿಸುತ್ತಾಳೆ. ಮುಂದೆ ಅವಳ ಮೇಲೆ ನಡೆದ ಹಲ್ಲೆಗೆ ಸೇಡು ತೀರಿಸಿಕೊಳ್ಳಲು ಹೋದ ಫ್ರಾಂಕ್ ಸಾಯುತ್ತಾನೆ. ಬ್ರಾಂಡಿ ಕುಡಿದು, ತನಗೆ ನರಕವೇ ಗತಿ ಎಂದು ನಡುಗುತ್ತ ಕೂತವಳನ್ನು ನೋಡಲು ರೆಟ್ ಬರುತ್ತಾನೆ. ಕದ್ದದ್ದಕ್ಕೆ ಕಿಂಚಿತ್ತೂ ನೊಂದುಕೊಳ್ಳದೆ, ಜೈಲಿಗೆ ಹೋಗಬೇಕಲ್ಲ ಎಂದು ಮಾತ್ರ ಮರುಗುವ ಕಳ್ಳನಿಗೆ ಅವಳನ್ನು ಹೋಲಿಸುತ್ತಾನೆ.

ಸ್ಕಾರ್ಲೆಟ್ ಕ್ಯಾಥೊಲಿಕ್ ಮನೆಯ ಮಗಳಾದ್ದರಿಂದ ಈ ಮಾತಿನ ಹಿಂದೆ ದೊಡ್ಡದೊಂದು ವಾಗ್ವಾದದ ಚರಿತ್ರೆಯಿದೆ. ನರಕಭಯದಿಂದ ಪಡುವ ದುಃಖ ಮನುಷ್ಯನನ್ನು ಕಪಟಿಯನ್ನಾಗಿ ಮಾಡುತ್ತದೆ ಎಂದು ಪ್ರಾಟೆಸ್ಟಂಟ್ ಸುಧಾರಕ ಲೂಥರ್ ವಾದಿಸಿದ್ದ. ಅದಕ್ಕೆ ಉತ್ತರವಾಗಿ 1551ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ಎರಡು ಬಗೆಯ ಪಶ್ಚಾತ್ತಾಪವನ್ನು ಗುರುತಿಸಿತು. ದೇವರ ಮೇಲಿನ ಪ್ರೀತಿಯಿಂದ ಹುಟ್ಟುವುದು ಪರಿಪೂರ್ಣ. ಪಾಪದ ಹೇಸಿಗೆಯಿಂದಲೋ ಶಿಕ್ಷೆಯ ಭಯದಿಂದಲೋ ಹುಟ್ಟುವುದು ಅಪೂರ್ಣ. ಆದರೆ ಅಪೂರ್ಣವಾದದ್ದೂ ದೇವರ ಕೊಡುಗೆಯೇ, ಪಾಪನಿವೇದನೆಗೆ ಬಂದವನನ್ನು ಅದು ಕೃಪೆಗೆ ಸಿದ್ಧಗೊಳಿಸುತ್ತದೆ ಎಂದು ಸಭೆ ಹೇಳಿತು. ಇಷ್ಟಕ್ಕೆ ಜಗಳ ಮುಗಿಯಲಿಲ್ಲ. ದೇವರನ್ನು ಪ್ರೀತಿಸುವ ಕಷ್ಟದಿಂದಲೂ ಭಕ್ತರನ್ನು ಪಾರುಮಾಡುತ್ತಿದ್ದೀರಲ್ಲ ಎಂದು ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ಚಿಂತಕ ಪಾಸ್ಕಲ್, ಭಯವೇ ಸಾಕೆನ್ನುತ್ತಿದ್ದ ಜೆಸುಯಿಟ್ ಪಾದ್ರಿಗಳನ್ನು ಚುಚ್ಚಿದ. ಎರಡೂ ಪಕ್ಷದವರು ಒಬ್ಬರನ್ನೊಬ್ಬರು ಖಂಡಿಸಕೂಡದೆಂದು 1667ರಲ್ಲಿ ಪೋಪ್ ಏಳನೆಯ ಅಲೆಕ್ಸಾಂಡರ್ ಆಜ್ಞೆ ಮಾಡಬೇಕಾಯಿತು. ರೆಟ್‌ನ ಕುಹಕದ ಧಾಟಿ ಪಾಸ್ಕಲನದು. ಆದರೆ ದೇವರ ಪ್ರೀತಿಯ ಬಗ್ಗೆ ಪಾಸ್ಕಲನಿಗಿದ್ದ ಕಾಳಜಿ ಅದರಲ್ಲಿಲ್ಲ.

ರೋಗವನ್ನು ರೆಟ್ ಸರಿಯಾಗಿಯೇ ಗುರುತಿಸಿದ, ಮದ್ದು ಮಾತ್ರ ತಪ್ಪಿತು. ಸ್ಕಾರ್ಲೆಟ್‌ಳ ಕಣ್ಣೀರಿನಲ್ಲಿ ನರಕದ ಭಯವಿದೆ, ಸತ್ತ ತಾಯಿ ಎಲ್ಲಿಂದಲೋ ನೋಡುತ್ತಿದ್ದಾಳೆಂಬ ನಾಚಿಕೆಯಿದೆ. ಮೋಸಹೋದ ಸುಎಲೆನ್‌ಳ ಕ್ಷಮೆ ಕೇಳಬೇಕೆಂಬ ಯೋಚನೆಯಿಲ್ಲ. ಇನ್ನು ಮುಂದೆ ಪಾಪ ಮಾಡುವ ಇಚ್ಛೆಯನ್ನು ಬಿಡಬೇಕೆಂಬುದು ಟ್ರೆಂಟ್ ಸಭೆ ಭಯದ ಪಶ್ಚಾತ್ತಾಪಕ್ಕೂ ಹಾಕಿದ ಷರತ್ತು. ಆ ಷರತ್ತನ್ನು ಅವಳು ಪೂರೈಸುವುದಿಲ್ಲ. ಆದರೂ ಆ ಗಳಿಗೆಯಲ್ಲಿ, ಎಲ್ಲವನ್ನೂ ನಾಳೆಗೆ ತಳ್ಳುವ ಹೆಣ್ಣೊಬ್ಬಳು ಮೊದಲ ಬಾರಿಗೆ ತಾನು ಮಾಡಿದ್ದರ ಎದುರು ನಿಂತಿದ್ದಾಳೆ. ರೆಟ್ ಅವಳನ್ನು ಅಲ್ಲಿ ನಿಲ್ಲಗೊಡುವುದಿಲ್ಲ. ಗೇಲಿ ಮಾಡಿ, ನಗಿಸಿ, ಕೂತಲ್ಲೇ ಮದುವೆಯ ಪ್ರಸ್ತಾಪ ಮುಂದಿಡುತ್ತಾನೆ, ಅವಳು ಒಪ್ಪುತ್ತಾಳೆ. ದುಃಖ ಅಪೂರ್ಣವೆಂದು ಹೀಯಾಳಿಸಿದವನೇ ಅದು ಪೂರ್ಣವಾಗುವ ದಾರಿಯನ್ನು ಮುಚ್ಚಿದ. ಕಪಟವನ್ನು ಕಂಡುಹಿಡಿಯುವ ಕಣ್ಣಿಗೆ ಮೊಳಕೆಯೂ ಕಪಟವಾಗಿಯೇ ಕಾಣುವುದು ಹರಿತ ನಾಲಿಗೆಯವರ ದೊಡ್ಡ ದೋಷ.

ಭಯಕ್ಕೆ ನೈತಿಕ ಬೆಲೆಯೇ ಇಲ್ಲ, ಪೊಲೀಸರಿದ್ದಾಗ ಮಾತ್ರ ಕದಿಯದವನನ್ನು ಯಾರೂ ಸಜ್ಜನ ಎನ್ನುವುದಿಲ್ಲ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಸಜ್ಜನಿಕೆಗೆ ಒಪ್ಪುವ ಅಳತೆ ಪಶ್ಚಾತ್ತಾಪಕ್ಕೆ ಒಪ್ಪುವುದಿಲ್ಲ. ಸಜ್ಜನಿಕೆ ಒಂದು ಸ್ಥಿತಿ, ಪಶ್ಚಾತ್ತಾಪ ಒಂದು ಚಲನೆ. ಅದು ಎಲ್ಲಿಂದ ಹೊರಟಿತು ಎನ್ನುವುದಕ್ಕಿಂತ ಯಾರ ಕಡೆಗೆ ತಿರುಗಿತು ಎನ್ನುವುದು ಮುಖ್ಯ. ತನಗೇನಾಗುವುದೋ ಎಂದು ಹೆದರಿದವನು ತನ್ನಿಂದ ಇನ್ನೊಬ್ಬನಿಗೆ ಏನಾಯಿತು ಎಂದು ನೋಡತೊಡಗಿದರೆ ಭಯ ತನ್ನ ಕೆಲಸ ಮಾಡಿದಂತೆ. ತನ್ನಲ್ಲೇ ಸುತ್ತುತ್ತಿದ್ದರೆ ಅದು ಕಳ್ಳನ ಕಣ್ಣೀರೇ. ಹಾಗಾದರೆ, ಕೊನೆಯಲ್ಲಿ ಸ್ಕಾರ್ಲೆಟ್ ನಿಜವಾದ ಪ್ರೀತಿಯಿಂದ ರೆಟ್‌ನ ಬಳಿಗೆ ಓಡಿಬಂದಾಗ ಅವನು ಅವಳನ್ನು ಸ್ವೀಕರಿಸಬೇಕಿತ್ತೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಅವಳಿಗೆ ಸಲ್ಲುತ್ತದೆ. ಮಗಳು ಬಾನಿ ಸತ್ತಿದ್ದಾಳೆ, ಗೆಳತಿ ಮೆಲನಿ ಸತ್ತಿದ್ದಾಳೆ, ರೆಟ್‌ನ ಒಲವು ಬತ್ತಿದೆ. ಪಶ್ಚಾತ್ತಾಪ ಸಾಲಪತ್ರವಲ್ಲ, ಅದನ್ನು ತೋರಿಸಿ ಕ್ಷಮೆಯನ್ನಾಗಲಿ ಪ್ರೀತಿಯನ್ನಾಗಲಿ ವಸೂಲಿ ಮಾಡಲಾಗದು. ರೆಟ್ ಹೊರಟುಹೋಗುವುದರಲ್ಲಿ ಅನ್ಯಾಯವಿಲ್ಲ. ಅಷ್ಟರಿಂದಲೇ ಅವಳ ಬದಲಾವಣೆ ವ್ಯರ್ಥವೆಂದೂ ಆಗುವುದಿಲ್ಲ.

ಕಳ್ಳನ ಹೋಲಿಕೆ ನಿಜವಾಗಿ ಕುತ್ತಿಗೆ ಹಿಡಿಯುವುದು ಪ್ರೇಮಿಗಳನ್ನಲ್ಲ, ಕಾದಂಬರಿಯನ್ನೇ. ಇಡೀ ಪುಸ್ತಕ ಕಳೆದುಹೋದ ದಕ್ಷಿಣಕ್ಕಾಗಿ ಮರುಗುತ್ತದೆ: ಸುಟ್ಟ ಅಟ್ಲಾಂಟಾ, ಹಾಳುಬಿದ್ದ ಹತ್ತಿಹೊಲಗಳು, ಹಸಿದ ಮನೆತನಗಳು. ಆ ವೈಭವವೆಲ್ಲ ಗುಲಾಮರ ದುಡಿಮೆಯಿಂದ ಕದ್ದದ್ದು ಎಂಬುದಕ್ಕೆ ಮಾತ್ರ ಮರುಕವಿಲ್ಲ. ಸೋತದ್ದಕ್ಕೆ ದುಃಖ, ಕದ್ದದ್ದಕ್ಕಲ್ಲ. ಒಮ್ಮೆ ಸತ್ಯ ಬಾಗಿಲವರೆಗೂ ಬರುತ್ತದೆ. ಸ್ಕಾರ್ಲೆಟ್ ತನ್ನ ಮರದ ಮಿಲ್ಲಿನಲ್ಲಿ ಬಾಡಿಗೆ ಕೈದಿಗಳನ್ನು ದುಡಿಸುವ ಮಾತು ಬಂದಾಗ, ಅವಳು ಬಹುಕಾಲ ಪ್ರೀತಿಸಿದ್ದ ಆ್ಯಶ್ಲಿ ವಿಲ್ಕ್ಸ್, ಇತರರ ಬಲವಂತದ ದುಡಿಮೆಯಿಂದ ಬಂದ ಹಣ ತನಗೆ ಬೇಡ ಎನ್ನುತ್ತಾನೆ. ನೀವು ಗುಲಾಮರನ್ನು ಇಟ್ಟುಕೊಂಡಿರಲಿಲ್ಲವೇ ಎಂದು ಅವಳು ಥಟ್ಟನೆ ಕೇಳುತ್ತಾಳೆ. ಅವರೇನೂ ದುಃಖದಲ್ಲಿರಲಿಲ್ಲ, ಹೇಗೂ ಮುಂದೆ ಬಿಡುಗಡೆ ಮಾಡುತ್ತಿದ್ದೆ ಎಂದು ಅವನು ಸಮಾಧಾನ ಹೇಳುತ್ತಾನೆ. ಕಥೆ ಮುಂದೆ ಸಾಗುತ್ತದೆ.

1936ರ ಲೇಖಕಿಯನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯೇ, ಪಾತ್ರಗಳ ಕುರುಡನ್ನು ಲೇಖಕಿಗೆ ಹೊರಿಸಬಹುದೇ ಎಂದು ಕೇಳಬಹುದು. ಅಳತೆಗೋಲು ಇಂದಿನದಲ್ಲ: ಯುದ್ಧೋತ್ತರ ದಕ್ಷಿಣವನ್ನು ಕಪ್ಪು ಜನರ ಕಡೆಯಿಂದ ವಿವರಿಸಿದ ಡಬ್ಲ್ಯು. ಇ. ಬಿ. ಡುಬಾಯ್ಸ್‌ರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ 1935ರಲ್ಲೇ ಬಂದಿತ್ತು. ಕುರುಡು ಪಾತ್ರಗಳದ್ದಷ್ಟೇ ಅಲ್ಲ: ಫ್ರಾಂಕ್ ಸೇಡಿಗೆ ಹೋದದ್ದು ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ರಹಸ್ಯ ಕೂಟ ಕು ಕ್ಲಕ್ಸ್ ಕ್ಲಾನ್ ಜೊತೆ, ಆ ಕೂಟ ಅನಿವಾರ್ಯತೆಯಿಂದ ಹುಟ್ಟಿತೆಂದು ಸಮರ್ಥಿಸುವುದು ನಿರೂಪಣೆಯ ದನಿಯೇ. ಮಿಗಿಲಾಗಿ, ಪರೀಕ್ಷೆಯನ್ನು ಒಡ್ಡಿದ್ದು ನಾವಲ್ಲ, ರೆಟ್. ವ್ಯಕ್ತಿಯೊಬ್ಬಳ ಮುಖಕ್ಕೆ ಹಿಡಿದ ಕನ್ನಡಿಯನ್ನು ಆ ಪುಸ್ತಕ ತನ್ನ ಸಮಾಜದ ಮುಖಕ್ಕೆ ಹಿಡಿಯಲಿಲ್ಲ. ಒಬ್ಬರಿಗೊಬ್ಬರು ಎಷ್ಟೇ ಕಟುವಾಗಿ ಸತ್ಯ ನುಡಿದರೂ, ಕೂತ ಮನೆಯನ್ನು ಕಟ್ಟಿದವರು ಯಾರೆಂದು ಕೇಳದ ಪ್ರೇಮಿಗಳ ಸತ್ಯ ಅರ್ಧದಲ್ಲೇ ನಿಲ್ಲುತ್ತದೆ. ವ್ಯಕ್ತಿಯ ಪಶ್ಚಾತ್ತಾಪಕ್ಕೆ ಇರುವ ಷರತ್ತೇ ಸಮುದಾಯಕ್ಕೂ ಇದೆ: ತಾನು ಕಳೆದುಕೊಂಡದ್ದನ್ನು ಎಣಿಸುವುದನ್ನು ಬಿಟ್ಟು, ತಾನು ಯಾರಿಂದ ಏನು ಕಸಿದುಕೊಂಡೆ ಎಂದು ಎಣಿಸತೊಡಗುವುದು.