ಫ್ರಿಜ್ಜಿನೊಳಗಿನ ದನಿ

ಮನೆಯೊಡೆಯ ಫ್ರಿಜ್ಜಿನ ಬಾಗಿಲು ತೆಗೀತಾನೆ. ಒಳಗೆ ಕೂತ ಸಣ್ಣ ಸಣ್ಣ ಜೀವಗಳು ಕಣ್ಣು ಪಿಳುಕಿಸುತ್ತವೆ, ಮಾತಾಡುತ್ತವೆ. ಅವೇ ಅವತ್ತಿನ ಊಟ. ನೋಡುವವರೆಲ್ಲ ನಗುತ್ತಾರೆ. ನಾವೂ ನಕ್ಕೆವು. ಆಮೇಲೆ ಯಾಕೋ ನಗು ಗಂಟಲಲ್ಲೇ ನಿಂತಿತು.

ಇದು 'ಡೈನೋಸಾರ್ಸ್' ಅನ್ನೋ ಅಮೆರಿಕದ ಗೊಂಬೆಯಾಟ. ಜಿಮ್ ಹೆನ್ಸನ್ ಎಂಬ ದೊಡ್ಡ ಗೊಂಬೆಗಾರ 1990ರಲ್ಲಿ ತೀರಿಕೊಂಡ. ಆತನ ಕಂಪನಿ ಕಟ್ಟಿದ ಈ ಆಟ 1991ರಿಂದ 1994ರವರೆಗೆ ಅಲ್ಲಿನ ಎಬಿಸಿ ಟಿವಿಯಲ್ಲಿ ಬಂತು. ಗಂಡ, ಹೆಂಡತಿ, ಮೂರು ಮಕ್ಕಳು, ಗಾಲಿಕುರ್ಚಿಯ ಅಜ್ಜಿ, ಎಲ್ಲರೂ ಡೈನೋಸಾರುಗಳೇ. ಯಜಮಾನ ಅರ್ಲ್ ಸಿಂಕ್ಲೇರ್‌ಗೆ 'ವೀ ಸೇ ಸೋ' ಕಂಪನಿಯಲ್ಲಿ ಮರ ಉರುಳಿಸುವ ಕೆಲಸ. 'ನಾವು ಹೇಳಿದ್ದೇ ಸೈ' ಅಂತ ಆ ಹೆಸರಿನ ಅರ್ಥ! ಧಣಿಯ ಹೆಸರು ರಿಚ್‌ಫೀಲ್ಡ್, ಗೆಳೆಯನದು ಹೆಸ್. ಎಲ್ಲ ಅಮೆರಿಕದ ಎಣ್ಣೆ ಕಂಪನಿಗಳ ಹೆಸರುಗಳು. ಅರ್ಲನ ಗೊಂಬೆಯೊಳಗೆ ಹೊಕ್ಕು ನಡೆಯುವವನು ಒಬ್ಬ. ಹೊರಗೆ ನಿಂತು ಮೋಟಾರುಗಳಿಂದ ಅದರ ಮುಖ ಆಡಿಸುವವನು ಇನ್ನೊಬ್ಬ. ದನಿ ಮೂರನೆಯವನದು. ಕೂಲಿಯವನ ಪಾಡನ್ನು ತೋರಿಸೋಕೆ ಇದಕ್ಕಿಂತ ಬೇರೆ ಉಪಾಯ ಬೇಕೇ?

ಒಂದು ಕಂತಿನಲ್ಲಿ ಅಜ್ಜಿಗೆ 72 ತುಂಬುತ್ತದೆ. 72 ತುಂಬಿದ ಮುದುಕರನ್ನು ಬೆಟ್ಟದ ಮೇಲಿಂದ ಡಾಂಬರಿನ ಹೊಂಡಕ್ಕೆ ನೂಕುವುದು ಅಲ್ಲಿನ ಪದ್ಧತಿ. ಅತ್ತೆಯನ್ನು ನೂಕುವ ಭಾಗ್ಯ ಅಳಿಯನದು. ಅರ್ಲ್ ಹಬ್ಬದ ಸಡಗರದಲ್ಲಿದ್ದಾನೆ. ಅವನೇನು ಕಟುಕನಲ್ಲ, ಮಕ್ಕಳ ಮೇಲೆ ಜೀವ ಇಟ್ಟುಕೊಂಡವನು. ಪದ್ಧತಿ ಇದೆ, ಮಾಡ್ತಾನೆ, ಅಷ್ಟೇ. ಹಿರಿಮಗ ರಾಬಿ ಮಾತ್ರ 'ಯಾಕೆ?' ಅಂತಾನೆ. ಅಜ್ಜಿ ಉಳಿಯುತ್ತಾಳೆ.

ಈ 'ಯಾಕೆ' ನಮಗೆ ಹೊಸದಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದಕ್ಕೆ ಬಾಬಾಸಾಹೇಬರ ಮೇಲೆ ಸವರ್ಣರು ದಾವೆ ಹೂಡಿದರು. ಅಸ್ಪೃಶ್ಯರು ಈ ನೀರು ಮುಟ್ಟಬಾರದೆಂಬುದು ಅನಾದಿಯಿಂದ ಬಂದ ರೂಢಿ ಅನ್ನೋದು ಅವರ ವಾದ. ಅನಾದಿ ಅನ್ನೋದು ರುಜುವಾತಾಗಿಲ್ಲ ಎಂದು 1937ರಲ್ಲಿ ಬೊಂಬಾಯಿ ಹೈಕೋರ್ಟು ತೀರ್ಪು ಕೊಟ್ಟಿತು. ಗೆದ್ದೆವು, ನಿಜ. ಆದರೂ ಒಂದು ಮುಳ್ಳು ಒಳಗೇ ಮುರಿದುಕೊಂಡಿದೆ. ರುಜುವಾತಾಗಿದ್ದಿದ್ದರೆ? ಸಾವಿರ ವರ್ಷ ನೀರು ಕೊಡದವರು ಸಾವಿರದ ಒಂದನೇ ವರ್ಷವೂ ಕೊಡದೆ ಇರಬಹುದಿತ್ತೇ? ಅನ್ಯಾಯಕ್ಕೆ ವಯಸ್ಸಾದರೆ ಅದು ಹಕ್ಕಾಗುತ್ತದೆಯೇ?

ರಾಬಿಯನ್ನು ನಾವು ಮೆಚ್ಚುತ್ತೇವೆ. ಆದರೆ ಅವನ 'ಯಾಕೆ' ಹುಟ್ಟಿದ್ದು ಎತ್ತಿ ಆಡಿಸಿದ ಅಜ್ಜಿಗಾಗಿ. ಅದೇ ಅಡುಗೆಮನೆಯ ಫ್ರಿಜ್ಜಿನ ಮುಂದೆ ನಿಂತು ಆ 'ಯಾಕೆ' ಎತ್ತಿದ್ದರೆ? ಒಳಗಿರುವವಕ್ಕೂ ಮಾತು ಬರುತ್ತದೆ, ಅದನ್ನು ಮನೆಯವರೆಲ್ಲ ಕೇಳಿಸಿಕೊಂಡೇ ಬಾಗಿಲು ಹಾಕುತ್ತಾರೆ. ತನ್ನವರಿಗಾಗಿ ಮಿಡಿಯುವುದು ಸುಲಭ ಕಣ್ರಿ. ನಮ್ಮ ಅನೇಕ ಒಳ್ಳೆಯ ಮನುಷ್ಯರ ಪ್ರಗತಿಪರತೆಯೂ ನಡುಮನೆಯಲ್ಲೇ ಓಡಾಡುತ್ತದೆ, ಕೇರಿಯ ತನಕ ಬರುವುದಿಲ್ಲ. ತಮಾಷೆಗೆ ಇಷ್ಟೆಲ್ಲ ಅರ್ಥ ಹಚ್ಚಬಾರದು ಅಂತ ಗೆಳೆಯರು ಅಂದರು. ತಮಾಷೆ ಯಾರನ್ನು ತಿನ್ನುತ್ತಿದೆ ಅನ್ನೋದನ್ನಾದರೂ ನೋಡಬೇಡವೇ?

ಕೊನೆಗೆ ಆಟ ಬರೆದವರೇ ಬಾಗಿಲು ತೆರೆದರು. 1994ರ ಕಂತದು. ವರ್ಷವರ್ಷ ಬಂದು ಒಂದು ಬಳ್ಳಿಯನ್ನು ತಿಂದು ಹತೋಟಿಯಲ್ಲಿಡುವ ಹುಳುಗಳು ಇದ್ದವು. ಅವು ಮರಿಮಾಡುವ ಜೌಗಿನ ಮೇಲೆ ಕಂಪನಿ ಮೇಣದ ಹಣ್ಣಿನ ಕಾರ್ಖಾನೆ ಕಟ್ಟಿತು. ಹುಳು ನಾಶ, ಬಳ್ಳಿ ಲೋಕವನ್ನೇ ಹಬ್ಬಿತು. ಅರ್ಲನಿಗೆ ಹೊಣೆ ಕೊಟ್ಟು ವಿಷ ಹೊಡೆಸಿದರು, ಗಿಡಮರವೆಲ್ಲ ಸತ್ತವು. ಮಳೆ ಬಂದರೆ ಹಸಿರು ಬಂದೀತೆಂದು ಜ್ವಾಲಾಮುಖಿಗಳಿಗೆ ಬಾಂಬು ಹಾಕಿದರು. ಕಪ್ಪು ಮೋಡ ಸೂರ್ಯನನ್ನು ಮುಚ್ಚಿ, ಹಿಮ ಬೀಳತೊಡಗಿತು.

ಧಣಿ ರಿಚ್‌ಫೀಲ್ಡ್ ಖುಷಿಯಲ್ಲಿದ್ದಾನೆ, ಚಳಿಗೆ ಕಂಬಳಿ, ಹೀಟರು ಮಾರಾಟವಾಗುತ್ತಿವೆ. ಅರ್ಲ್ ಮನೆಗೆ ಬಂದು ಹೆಂಡತಿ ಮಕ್ಕಳ ಕ್ಷಮೆ ಕೇಳುತ್ತಾನೆ. ಕೂಸು ನಮಗೇನಾಗುತ್ತೆ ಅನ್ನುತ್ತದೆ. ಹೊರಗೆ ಹಿಮ ಬೀಳುತ್ತಲೇ ಇದೆ. ಆ ಜೌಗಿನ ಹುಳುಗಳ ಕ್ಷಮೆ ಕೇಳುವವರು ಯಾರು?