ಇಸ್ಲಾಮಿ ಶಿಕ್ಷಣದಲ್ಲಿ ಗುರುವಿನ ಕರ್ತವ್ಯ

ಸಾಂಪ್ರದಾಯಿಕ ಇಸ್ಲಾಮಿ ಶಿಕ್ಷಣದ ಕೇಂದ್ರ ಗುರು. ಮಸೀದಿಯೇ ಅದರ ಮೊದಲ ಪಾಠಶಾಲೆ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಕಟ್ಟಿಸಿದ ಮಸ್ಜಿದ್-ಎ-ಆಲಾದ ಆವರಣದಲ್ಲಿ ಮದರಸಾ ನಡೆದುಬಂದಿರುವುದು ಈ ಪರಂಪರೆಯಂತೆಯೇ.

1111ರಲ್ಲಿ ನಿಧನರಾದ ಇಸ್ಲಾಮಿ ವಿದ್ವಾಂಸ ಇಮಾಮ್ ಗಜಾಲಿ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಗುರುವಿನ ಕರ್ತವ್ಯಗಳನ್ನು ವಿವರಿಸಿದ್ದಾರೆ. ಗುರು ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣಬೇಕು, ಪ್ರತಿಫಲಕ್ಕಾಗಿ ಕಲಿಸಬಾರದು. ಶಿಷ್ಯನ ಗ್ರಹಣಶಕ್ತಿಯನ್ನು ಅರಿತು ಪಾಠ ಹೇಳಬೇಕು. ತಪ್ಪನ್ನು ಎಲ್ಲರೆದುರು ಹಂಗಿಸದೆ ಸೂಚ್ಯವಾಗಿ ತಿದ್ದಬೇಕು. ತಾನು ಕಲಿಸದ ವಿದ್ಯೆಗಳನ್ನು ಹೀಗಳೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ನುಡಿದಂತೆ ನಡೆಯಬೇಕು.

ಓದು ಮುಗಿಸಿದ ಶಿಷ್ಯನಿಗೆ ಗುರು ‘ಇಜಾಜತ್’, ಅಂದರೆ ಬೋಧಿಸುವ ಅನುಮತಿ, ನೀಡುತ್ತಿದ್ದರು. ಅದನ್ನು ಕೊಡುತ್ತಿದ್ದುದು ಸಂಸ್ಥೆಯಲ್ಲ, ವ್ಯಕ್ತಿ. ಆದ್ದರಿಂದ ಈ ವ್ಯವಸ್ಥೆಯಲ್ಲಿ ಗುರುವಿನ ಶೀಲವೇ ವಿದ್ಯೆಗೆ ಪ್ರಮಾಣ.